ಹಿಡಿಯಿಲ್ಲದ ಪೆಟ್ಟಿಗೆ

ನನ್ನ ನೆನಪನ್ನು ನಾನು ನಂಬುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಈ ಬರಹದಲ್ಲಿ ಹೆಚ್ಚುಕಮ್ಮಿ ಕಂಡರೆ ಯಾರೂ ನನ್ನನ್ನು ಹುಡುಕಿಕೊಂಡು ದರ್ಬೆಯ ನಮ್ಮ ಮನೆಗೆ ಬರಬಾರದು. ಇದು ಚೀಲ ಹಿಡಿದು ಪೇಟೆಗೆ ಹೋಗಿ ಯಾತಕ್ಕೆ ಬಂದೆ ಎಂದು ನಿಂತುಬಿಡುವ ಮರೆವಲ್ಲ. ಮರೆವು ಪಾಪದ ಪ್ರಾಣಿ, ಖಾಲಿ ಕೈ ತೋರಿಸಿ ಸುಮ್ಮನಾಗುತ್ತದೆ. ನನ್ನ ತೊಂದರೆ ಬೇರೆ. ನನಗೆ ಬೇಕಾದಷ್ಟು ನೆನಪಿದೆ. ಅದರಲ್ಲಿ ನಡೆದದ್ದೆಷ್ಟು, ನಾನೇ ಸೇರಿಸಿಕೊಂಡದ್ದೆಷ್ಟು ಎಂದು ಗೊತ್ತಿಲ್ಲ. ನಮ್ಮ ಮದುವೆಯ ದಿನ ಮಳೆ ಬಂದಿತ್ತು ಎನ್ನುತ್ತದೆ ನನ್ನ ನೆನಪು. ಸುಡುಬಿಸಿಲು ಇತ್ತು ಎನ್ನುತ್ತಾಳೆ ನನ್ನ ಹೆಂಡತಿ. ಆಲ್ಬಮ್ ತೆಗೆದು ನೋಡಿದರೆ ಯಾರೋ ನನ್ನ ತಲೆಯ ಮೇಲೆ ಕೊಡೆ ಹಿಡಿದಿದ್ದಾರೆ. "ನೋಡು, ಕೊಡೆ!" ಎಂದೆ ಗೆದ್ದವನ ಹಾಗೆ. "ಬಿಸಿಲಿಗೆ ಹಿಡಿದದ್ದು. ಮದುಮಗ ಇನ್ನೂ ಕಪ್ಪಾದರೆ ಹುಡುಗಿ ಎದ್ದು ಹೋದಾಳು ಅಂತ ನಿಮ್ಮ ಚಿಕ್ಕಪ್ಪನಿಗೆ ಹೆದರಿಕೆ" ಎಂದಳು. ಒಂದೇ ಕೊಡೆ ಎರಡು ಪಕ್ಷಕ್ಕೂ ಸಾಕ್ಷಿ ಹೇಳಿದರೆ ನ್ಯಾಯಾಧೀಶ ಏನು ಮಾಡಬೇಕು?

ನಾನು ಪುತ್ತೂರಿನ ಒಂದು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವನು. ವಿಶ್ವವಿದ್ಯಾನಿಲಯದಲ್ಲಿ ಅಷ್ಟು ವರ್ಷ ಕೂತು ಕಲಿತದ್ದನ್ನು ಹಿಂಡಿದರೆ ಉಳಿಯುವುದು ಒಂದೇ ಪ್ರಶ್ನೆ: ಎರಡನೆಯ ಸಾಕ್ಷಿ ಎಲ್ಲಿ? ಯಾರೋ ಒಬ್ಬರು ಹೇಳಿದರೆ ಅದು ಸುದ್ದಿ, ಸಂಬಂಧವಿಲ್ಲದ ಇನ್ನೊಬ್ಬರೂ ಹೇಳಿದರೆ ಆಗ ಯೋಚಿಸಬಹುದು. ಈ ಪ್ರಶ್ನೆ ಕೇಳಿದರೆ ಶಿಲಾಶಾಸನಗಳಿಗೆ ಬೇಜಾರಾಗುವುದಿಲ್ಲ, ನೆಂಟರಿಗೆ ಆಗುತ್ತದೆ. ತಮ್ಮ ಅಜ್ಜ ಬರಿಗೈಯಲ್ಲಿ ಹುಲಿ ಓಡಿಸಿದ ಕಥೆಯನ್ನು ನನ್ನ ಮಾವನವರು ಊಟದ ಪಂಕ್ತಿಯಲ್ಲಿ ಹೇಳುತ್ತಿದ್ದಾಗ ನಾನು ಮೆಲ್ಲಗೆ, "ಹುಲಿ ಓಡಿದ್ದನ್ನು ಬೇರೆ ಯಾರಾದರೂ ನೋಡಿದ್ದಾರಾ?" ಎಂದು ಕೇಳಿದೆ. ಆ ದಿನ ಪಾಯಸ ನನ್ನ ಎಲೆಯನ್ನು ದಾಟಿ ಮುಂದೆ ಹೋಯಿತು. ಇದಕ್ಕೆ ಮಾತ್ರ ಸಾಕಷ್ಟು ಸಾಕ್ಷಿಗಳಿದ್ದಾರೆ.

ಇಂಥ ನನ್ನ ಸಂಶಯ ಒಂದು ಕಡೆ ಬಂದು ಬಾಲ ಮುದುರಿ ಮಲಗುತ್ತಿತ್ತು. ನನಗೆ ನಾಲ್ಕು ತುಂಬುವ ಮೊದಲೇ ಅಮ್ಮ ತೀರಿಕೊಂಡಳು. ಅವಳ ಫೋಟೋ ಒಂದೂ ಇಲ್ಲ. ಐವರ್ನಾಡಿನ ನಮ್ಮ ಮನೆಗೆ ಕ್ಯಾಮೆರಾ ಬರಬೇಕಾದರೆ ಯಾರಾದರೂ ಮದುವೆಯಾಗಬೇಕಿತ್ತು, ಆ ವರ್ಷಗಳಲ್ಲಿ ಯಾರೂ ಆಗಲಿಲ್ಲ. ನನ್ನ ಹತ್ತಿರ ಇದ್ದದ್ದು ಒಂದೇ ಚಿತ್ರ, ಅದೂ ತಲೆಯೊಳಗೆ. ಜಗಲಿಯ ಅಂಚಿನಲ್ಲಿ ಒಬ್ಬಳು ಕಾಲು ಇಳಿಬಿಟ್ಟು ಕೂತಿದ್ದಾಳೆ. ಮಡಿಲಲ್ಲಿ ಮರದ ಒಂದು ಸಣ್ಣ ಪೆಟ್ಟಿಗೆ, ಮೂಲೆಗಳೆಲ್ಲ ಬಾಗಿ ಗೇರುಬೀಜದ ಹಾಗೆ ನುಣುಪು. ಅವಳು ಅದರ ಡ್ರಾಯರ್ ಎಳೆದು ಏನನ್ನೋ ತೆಗೆದು ನನ್ನ ಕಡೆ ನೋಡಿ ನಗುತ್ತಾಳೆ. ಮುಖ ಸರಿಯಾಗಿ ಕಾಣುವುದಿಲ್ಲ, ನಗು ಕಾಣುತ್ತದೆ. ಇಷ್ಟೇ ನನ್ನ ಅಮ್ಮ. ಇದಕ್ಕೆ ಎರಡನೆಯ ಸಾಕ್ಷಿ ಎಲ್ಲಿ ಎಂದು ನಾನು ಯಾವತ್ತೂ ಕೇಳಿಕೊಳ್ಳಲಿಲ್ಲ. ಹಿರಿಯರೆಲ್ಲ ಹೋದ ಮೇಲೆ ಕೇಳಬಹುದಾದವಳು ಒಬ್ಬಳೇ, ಪಂಜದಲ್ಲಿರುವ ನನ್ನ ಅಕ್ಕ. ಅಮ್ಮ ಹೋದಾಗ ಅವಳಿಗೆ ಹನ್ನೊಂದು ವರ್ಷ. ಕೇಳಿ, ಅವಳು "ಹಾಗೆ ಎಂತದೂ ಇರಲಿಲ್ಲ" ಎಂದುಬಿಟ್ಟರೆ? ಅಮ್ಮ ಎರಡನೆಯ ಸಲ ತೀರಿಕೊಂಡ ಹಾಗಾಗುತ್ತದೆ, ಈ ಸಲ ನನ್ನ ಕೈಯಿಂದಲೇ. ಆದ್ದರಿಂದ ಅಕ್ಕನ ಮನೆಗೆ ಹೋದಾಗಲೆಲ್ಲ ಅಡಿಕೆಗೆ ಬಂದ ರೋಗ, ರಬ್ಬರಿಗೆ ಬಾರದ ರೇಟು ಇವನ್ನು ವಿಚಾರಿಸಿ, ಊಟ ಮಾಡಿ, ಬಸ್ಸು ಹತ್ತಿ ಬರುತ್ತಿದ್ದೆ.

ಹೀಗಿರುವಾಗ ಅಕ್ಕನಿಗೆ ಅರುವತ್ತು ತುಂಬುವ ಹೊತ್ತಿಗೆ ಸರಿಯಾಗಿ ನನ್ನ ಫೋನಿನಲ್ಲಿ ಒಂದು ವಿಡಿಯೋ ಬಂತು. ಗಡ್ಡದವನೊಬ್ಬ ಮರದ ಗಟ್ಟಿ ತುಂಡನ್ನು ಬ್ಯಾಂಡ್‌ಸಾ ಯಂತ್ರಕ್ಕೆ ಕೊಟ್ಟು ಬೇಕಾದ ಹಾಗೆ ತಿರುಗಿಸುತ್ತಾನೆ. ಎರಡು ಗಾಲಿಗಳ ಮೇಲೆ ರಿಬ್ಬನ್ನಿನ ಹಾಗೆ ಸುತ್ತುವ ಗರಗಸ ಮರದ ಹೊಟ್ಟೆಯೊಳಗಿನಿಂದಲೇ ಡ್ರಾಯರನ್ನು ಕೊರೆದು ತೆಗೆಯುತ್ತದೆ. ಮೊಳೆ ಇಲ್ಲ, ಮೂಲೆ ಇಲ್ಲ, ಡ್ರಾಯರಿನ ಮುಖಕ್ಕೂ ಪೆಟ್ಟಿಗೆಯ ಮುಖಕ್ಕೂ ಒಂದೇ ಮರದ ಗೆರೆ. ಗೇರುಬೀಜದ ಹಾಗೆ ನುಣುಪು! ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಕೇಳಲು ಧೈರ್ಯವಿಲ್ಲದವನಿಗೆ ಒಂದು ದಾರಿ ಹೊಳೆಯಿತು. ಆ ಪೆಟ್ಟಿಗೆಯನ್ನೇ ಮಾಡಿ ಅಕ್ಕನ ಮುಂದೆ ಇಡುವುದು, ಬಾಯಿಬಿಟ್ಟು ಏನೂ ಹೇಳುವುದಿಲ್ಲ. ಅವಳಾಗಿಯೇ "ಅಯ್ಯೋ, ಅಮ್ಮನ ಪೆಟ್ಟಿಗೆ!" ಎಂದರೆ ಸಾಕು. ಯಾರೂ ಹೇಳಿಕೊಡದ ಸಾಕ್ಷಿ. ಅದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ.

ದರ್ಬೆಯಿಂದ ಸ್ವಲ್ಪ ಆಚೆ ಜಯರಾಮನ ಮರದ ಕೆಲಸದ ಶೆಡ್ಡು ಉಂಟು. ಅವನು ನನ್ನ ಜೊತೆ ಹೈಸ್ಕೂಲಿನಲ್ಲಿ ಓದಿದವನು, ಆದರೂ ನಾನು ಕಾಲೇಜು ಸೇರಿದ ಮೇಲೆ ತಮಾಷೆಗೆ ಮಾಸ್ಟ್ರೇ ಎಂದು ಕರೆಯುತ್ತಾನೆ. ಬಾಗಿಲು, ಮಂಚ, ಕಪಾಟು ಮಾಡಿ ಹೆಸರು ಗಳಿಸಿದವನು. ಇಂಥ ಪೆಟ್ಟಿಗೆಯನ್ನು ಅವನ ತಲೆಮಾರಿನಲ್ಲಿ ಯಾರೂ ಮಾಡಿಸಿದ್ದಿಲ್ಲ. ವಿಡಿಯೋ ತೋರಿಸಿದೆ. ಅರ್ಧ ನೋಡಿ ಫೋನು ವಾಪಸು ಕೊಟ್ಟು, "ಇದರಲ್ಲಿ ಎಂತ ಉಂಟು ಮಾರಾಯ್ರೆ? ಚಾ ಕುಡಿಯುವಷ್ಟರಲ್ಲಿ ಆಗ್ತದೆ" ಎಂದ. ನನಗೂ ಹಾಗೆಯೇ ಕಂಡಿತ್ತು. ತಿಳಿಯದ ಇಬ್ಬರು ಒಂದೇ ಅಭಿಪ್ರಾಯಕ್ಕೆ ಬಂದರೆ ಅದನ್ನು ಎರಡನೆಯ ಸಾಕ್ಷಿ ಎನ್ನುವುದಿಲ್ಲ ಎಂದು ನಾನು ಪ್ರತಿ ವರ್ಷ ತರಗತಿಯಲ್ಲಿ ಹೇಳುತ್ತೇನೆ.

ಹಲಸಿನ ಮರದ ಒಂದು ಹಳೆಯ ತೊಲೆಯ ತುಂಡು ಸಿಕ್ಕಿತು. ಅದರ ಮೇಲೆ ನೆನಪಿನ ಆಕಾರವನ್ನು ಪೆನ್ಸಿಲಿನಲ್ಲಿ ಬರೆದೆ. ಬರೆದೆ, ಒರೆಸಿದೆ, ಬರೆದೆ. "ಗೇರುಬೀಜವಾ, ಮೂತ್ರಪಿಂಡವಾ, ಒಂದು ಸರಿ ಹೇಳಿ ಮಾಸ್ಟ್ರೇ" ಎಂದು ಜಯರಾಮ ಕೆಣಕಿದ. ಯಂತ್ರ ಚಾಲೂ ಮಾಡುವ ಮೊದಲು, "ಬೆರಳು ಎಲ್ಲ ಉಂಟಲ್ಲ? ಹೋಗುವಾಗಲೂ ಇರಬೇಕು, ನಿಮ್ಮ ಹೆಂಡತಿಗೆ ನಾನು ಉತ್ತರ ಕೊಡುದಿಲ್ಲ" ಎಂದ. ಮೊದಲ ತಿರುವಿನಲ್ಲೇ ನಾನು ಅವಸರ ಮಾಡಿ ಮರವನ್ನು ದೂಡಿದೆ. ಪಟಾಕಿ ಹೊಡೆದ ಹಾಗೆ ಶಬ್ದವಾಗಿ ಗರಗಸ ತುಂಡಾಯಿತು. ನಾನು ನಿಂತ ಜಾಗದಿಂದ ಎಷ್ಟು ಹಿಂದಕ್ಕೆ ಹಾರಿದೆ ಎಂಬ ಬಗ್ಗೆ ನನ್ನ ನೆನಪಿಗೂ ಜಯರಾಮ ಊರಿಗೆಲ್ಲ ಹೇಳಿದ್ದಕ್ಕೂ ಬಹಳ ವ್ಯತ್ಯಾಸ ಇದೆ. ಹೊಸ ಗರಗಸ ಹಾಕಿ ಮತ್ತೆ ಸುರು ಮಾಡಿದೆವು. ಈ ಸಲ ಮೆಲ್ಲ ಮೆಲ್ಲ, ಪೆನ್ಸಿಲ್ ಗೆರೆಯ ಮೇಲೆಯೇ. ಹಲಸಿನ ಹುಡಿ ಹಳದಿ ಹಳದಿಯಾಗಿ ಹಾರುತ್ತಿತ್ತು. ಡ್ರಾಯರಿನ ಗಟ್ಟಿ ತುಂಡು ಇಡಿಯಾಗಿ ಕಳಚಿ ಕೈಗೆ ಬಂದಾಗ ಇಬ್ಬರೂ ಹೋ ಎಂದು ಕೂಗಿದೆವು. ಆಮೇಲೆ ಜಯರಾಮ ಉಳಿದ ಮರವನ್ನು ಎತ್ತಿ ಕಣ್ಣಿಗೆ ಹಿಡಿದ. ಅದರ ಮೂಲಕ ಅವನಿಗೆ ನಾನು ಕಾಣುತ್ತಿದ್ದೆ, ನನಗೆ ಅವನು. ಮೊದಲು ಹಿಂಬದಿಯ ಒಂದು ಪದರವನ್ನು ಕುಯ್ದು ತೆಗೆದಿಟ್ಟು, ಆಮೇಲೆ ಡ್ರಾಯರ್ ಕೊರೆದು, ಕೊನೆಗೆ ಆ ಪದರವನ್ನೇ ಹಿಂದಕ್ಕೆ ಅಂಟಿಸಬೇಕಿತ್ತು. ವಿಡಿಯೋದ ಆರಂಭದಲ್ಲಿಯೇ ಅದಿತ್ತು. ಆ ಭಾಗ ನಡೆಯುವಾಗ ನಾನು ಅಮ್ಮನನ್ನು ನೆನೆಯುತ್ತ ಎದ್ದು ನಿಂತಿದ್ದೆ. ನಾವು ಮಾಡಿದ್ದು ಪೆಟ್ಟಿಗೆಯಲ್ಲ, ಸುರಂಗ.

"ಬೆಕ್ಕಿಗೆ ಕೊಡಿ, ಆಚೀಚೆ ಹೋಗ್ಲಿಕ್ಕೆ ಲಾಯ್ಕ ಉಂಟು" ಎಂದ ಜಯರಾಮ. ಕೊನೆಗೆ ಅಲ್ಲೇ ಬಿದ್ದಿದ್ದ ರಬ್ಬರ್ ಮರದ ಬಿಳಿ ಹಲಗೆಯನ್ನು ಅದೇ ಆಕಾರಕ್ಕೆ ಕುಯ್ದು ಹಿಂಬದಿಗೆ ಅಂಟಿಸಿದೆವು. ಡ್ರಾಯರಿನ ಗಟ್ಟಿ ತುಂಡಿನ ಮುಂದಿನ ಪದರ, ಹಿಂದಿನ ಪದರ ಕುಯ್ದು ತೆಗೆದು, ನಡುವನ್ನು ಟೊಳ್ಳು ಮಾಡಿ, ಮತ್ತೆ ಅಂಟಿಸಿದೆವು. ಮರಳುಕಾಗದ ತಿಕ್ಕಿ ತಿಕ್ಕಿ ನನ್ನ ಬೆರಳ ಗೆರೆಗಳು ಮಾಸಿದವು. ಉಳಿದದ್ದು ಡ್ರಾಯರಿನ ಹಿಡಿ. ಜಯರಾಮ ಹಿತ್ತಾಳೆಯ ಚಂದದ ಒಂದು ಗುಂಡು ತಂದು ತೋರಿಸಿದ. ನಾನು ಬೇಡವೆಂದೆ. ನೆನಪಿನ ಚಿತ್ರದಲ್ಲಿ ಡ್ರಾಯರಿನ ಮುಂದೆ ಅವಳ ಬೆರಳುಗಳಿವೆ, ಹಿಡಿ ಇದೆಯೋ ಇಲ್ಲವೋ ಕಾಣುವುದಿಲ್ಲ. ಕಾಣದ್ದನ್ನು ಸೇರಿಸಬಾರದು. "ಹಿಡಿ ಇಲ್ಲದೆ ಎಳೆಯುದು ಹೇಗೆ?" ಎಂದು ಅವನು. "ಅದಕ್ಕೆ ಆಧಾರ ಇಲ್ಲ" ಎಂದು ನಾನು. "ಆಧಾರ ಅಲ್ಲ ಮಾರಾಯ್ರೆ, ಹಿಡಿ!" ಎಂದು ಅವನು ಹಣೆ ಹಣೆ ಬಡಿದುಕೊಂಡ.

ಅಂಗಿ, ತಲೆ, ಮೀಸೆ ಎಲ್ಲ ಹಳದಿಯಾಗಿ ಮನೆಗೆ ಹೋದೆ. ಹೆಂಡತಿ ಬಾಗಿಲಲ್ಲೇ, "ಯಾರ ಮದುವೆಯ ಅರಸಿನ ಶಾಸ್ತ್ರ?" ಎಂದು ಕೇಳಿದಳು. ಪೆಟ್ಟಿಗೆಯನ್ನು ಮಾತ್ರ ಬಹಳ ಹೊತ್ತು ಕೈಯಲ್ಲಿ ಹಿಡಿದು ನೋಡಿದಳು. ಆಮೇಲೆ, "ಖಾಲಿ ಕೊಡ್ಲಿಕ್ಕೆ ಆಗ್ತದಾ? ಒಳಗೆ ಎಂತಾದರೂ ಹಾಕಬೇಕು" ಎಂದಳು. ನಮ್ಮ ಕಡೆ ಪಾತ್ರೆ ಹಿಂದೆ ಕೊಡುವಾಗಲೂ ಖಾಲಿ ಕೊಡುವುದಿಲ್ಲ, ಒಂದು ಚಿಟಿಕೆ ಸಕ್ಕರೆಯಾದರೂ ಇರಬೇಕು. ಅದರೊಳಗೆ ಏನಿತ್ತು ಎಂದು ನನಗೆ ನೆನಪಿಲ್ಲ, ಆದ್ದರಿಂದ ಏನೂ ಇರಕೂಡದು ಎಂದೆ. ಅವಳು ನನ್ನ ಜೊತೆ ವಾದಿಸಲಿಲ್ಲ. ಇಷ್ಟು ವರ್ಷದ ಸಂಸಾರದಲ್ಲಿ ಅವಳು ವಾದಿಸದೆ ಇದ್ದಾಗೆಲ್ಲ ಬೇರೆ ಏನಾದರೂ ಮಾಡಿರುತ್ತಾಳೆ ಎಂಬುದು ನನಗೆ ಗೊತ್ತಿರಬೇಕಿತ್ತು. ನಾನು ಸ್ನಾನಕ್ಕೆ ಹೋದಾಗ ಅವಳು ಡ್ರಾಯರಿನೊಳಗೆ ಮೆತ್ತನೆಯ ಬೆಲ್ಲದ ಒಂದು ತುಂಡು ಇಟ್ಟು ಮುಚ್ಚಿದ್ದಳು.

ಮರುದಿನ ಪುತ್ತೂರು ಸ್ಟ್ಯಾಂಡಿನಲ್ಲಿ ಸುಬ್ರಹ್ಮಣ್ಯದ ಬಸ್ಸು ಹತ್ತಿದೆ. ಈ ಬಸ್ಸು ಪಂಜದ ಮೇಲೆ ಹೋಗುತ್ತದೆ ಎಂದು ಚೆನ್ನಾಗಿ ನೆನಪಿತ್ತು. ಸೀಟು ಸಿಗದೆ ಚೀಲವನ್ನು ಡ್ರೈವರರ ಪಕ್ಕದ ಇಂಜಿನಿನ ಮೇಲೆ ಇಟ್ಟೆ. ಟಿಕೆಟಿಗೆ ಬಂದ ಕಂಡಕ್ಟರ್, "ಪಂಜವಾ? ಇದು ಕಡಬದ ಮೇಲೆ ಹೋಗುದು. ಹತ್ತುವಾಗ ಕೇಳ್ಲಿಕ್ಕೆ ಆಗುದಿಲ್ವಾ?" ಎಂದರು. ಎಲ್ಲರನ್ನೂ ಎಲ್ಲವನ್ನೂ ಕೇಳುವ ನಾನು ಬಸ್ಸಿನವರನ್ನು ಒಂದು ಮಾತು ಕೇಳಿರಲಿಲ್ಲ. ಕಡಬದಲ್ಲಿ ಇಳಿದು, ಏಪ್ರಿಲಿನ ಬಿಸಿಲಲ್ಲಿ ಚೀಲ ಕೆಳಗಿಟ್ಟು ನಿಂತು, ಪಂಜದ ಬಸ್ಸು ಸಿಕ್ಕಿ ಅಕ್ಕನ ಮನೆ ಮುಟ್ಟುವಾಗ ಊಟದ ಹೊತ್ತು ದಾಟಿತ್ತು.

ಅಕ್ಕ ಜಗಲಿಗೆ ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಎಂತ ಕುಂಞಿ, ಬಡವಾಗಿದ್ದಿ?" ಎಂದಳು. ನಾವು ಮಾತಾಡುವುದು ಸುಳ್ಯ ಕಡೆಯ ಅರೆಭಾಷೆಯಲ್ಲಿ. ಇಲ್ಲಿ ಕನ್ನಡಕ್ಕೆ ಇಳಿಸಿದ್ದೇನೆ, ಬೈಗುಳಗಳ ಬಿಸಿ ಸ್ವಲ್ಪ ಆರಿರಬಹುದು. ಕುಂಞಿ ಎಂದರೆ ಮಗು. ಐವತ್ತಮೂರು ವರ್ಷದ, ತಲೆ ಹಣ್ಣಾದ ಮಗು ಚೀಲದಿಂದ ಪೆಟ್ಟಿಗೆ ತೆಗೆದು ಏನೂ ಹೇಳದೆ ಅವಳ ಕೈಯಲ್ಲಿಟ್ಟಿತು. ಅಕ್ಕ ತಿರುಗಿಸಿ ನೋಡಿದಳು, ಮೂಸಿ ನೋಡಿದಳು. "ಚಂದ ಉಂಟು. ಇರುವೆ ಯಾಕೆ?" ಎಂದಳು.

ನೋಡಿದರೆ ಡ್ರಾಯರಿನ ಸಂದಿಯಿಂದ ಕಂದು ಬಣ್ಣದ ರಸ ಇಳಿದು ಗಟ್ಟಿಯಾಗಿದೆ, ಕಡಬದ ಇರುವೆಗಳು ಸಾಲು ಹಿಡಿದು ಪಂಜದವರೆಗೆ ಬಂದಿವೆ. ಬೆಲ್ಲ ಇಂಜಿನಿನ ಮೇಲೆ ಕರಗಿ, ಬಿಸಿಲಲ್ಲಿ ಹರಿದು, ಡ್ರಾಯರನ್ನು ಜಯರಾಮನ ಅಂಟಿಗಿಂತ ಭದ್ರವಾಗಿ ಅಂಟಿಸಿತ್ತು. ಅಕ್ಕ ಉಗುರು ಹಾಕಿ ಎಳೆದಳು. ನಾನು ಎಳೆದೆ. ಒಳಗಿನಿಂದ ಬಂದ ಭಾವ, "ಹಿಡಿ ಎಲ್ಲಿ ಇದಕ್ಕೆ?" ಎಂದರು. ಆಧಾರದ ಮಾತನ್ನು ಅವರ ಹತ್ತಿರ ಎತ್ತಲು ನನಗೆ ಧೈರ್ಯ ಬರಲಿಲ್ಲ. ಅವರು ಪೆಟ್ಟಿಗೆಯನ್ನು ಮೊಣಕಾಲಿಗೆ ಒತ್ತಿ ಬೆನ್ನಿಗೆ ಒಂದು ಗುದ್ದು ಕೊಟ್ಟರು. ರಬ್ಬರ್ ಹಲಗೆ ಟಪ್ಪೆಂದು ಕಳಚಿ ಅಂಗಳಕ್ಕೆ ಹಾರಿತು. ಸುರಂಗದ ಹಿಂದಿನಿಂದ ಹೆಬ್ಬೆರಳಲ್ಲಿ ದೂಡಿದರು, ಡ್ರಾಯರ್ ಮುಂದಿನಿಂದ ಹೊರಗೆ ಬಂತು. ನಮ್ಮ ತಪ್ಪಿಗೂ ಒಂದು ಉಪಯೋಗ ಇತ್ತು. ಭಾವ ಒಳಗೆ ಅಂಟು ಹುಡುಕಲು ಹೋದರು.

"ಇದನ್ನು ನೋಡಿ ನಿನಗೆ ಎಂತದೂ ನೆನಪಾಗುದಿಲ್ಲವಾ?" ಎಂದು ಕೇಳಿಯೇಬಿಟ್ಟೆ. ಹೇಳಿಕೊಡದ ಸಾಕ್ಷಿ ಎಂಬ ನಿಯಮ ಅಲ್ಲಿಗೆ ಮುಗಿಯಿತು.

"ಎಂತ ನೆನಪಾಗಬೇಕು?"

"ಅಮ್ಮನ ಪೆಟ್ಟಿಗೆ."

ಅಕ್ಕ ಬೆಲ್ಲದ ಬೆರಳನ್ನು ಸೆರಗಿಗೆ ಒರೆಸುತ್ತಿದ್ದವಳು ನಿಲ್ಲಿಸಿದಳು. "ಅಮ್ಮನಿಗೆ ಪೆಟ್ಟಿಗೆ ಎಲ್ಲಿತ್ತು ಮಾರಾಯ? ಅವಳದ್ದು ಎಂತ ಇದ್ದರೂ ಸೆರಗಿನ ಗಂಟಿನಲ್ಲಿ."

ನಾನು ಜಗಲಿ, ಮಡಿಲು, ನಗು ಎಲ್ಲವನ್ನೂ ಹೇಳಿದೆ. ಮೊದಲ ಸಲ ಬಾಯಿಬಿಟ್ಟು ಹೇಳುತ್ತಿದ್ದೆ. ಹೇಳುತ್ತ ಹೇಳುತ್ತ ಅದು ತೀರಾ ಸಣ್ಣದು ಎನಿಸಿತು. ಅಕ್ಕ ಪೂರ್ತಿ ಕೇಳಿ, "ಅದು ನಾನು" ಎಂದಳು.

"ಅಲ್ಲ, ದೊಡ್ಡ ಹೆಂಗಸು ಅವಳು."

"ನೀನು ಇಷ್ಟೇ ಇಷ್ಟು ಇದ್ದಿ. ನಿನಗೆ ಕೋಳಿಯೂ ದೊಡ್ಡದೇ" ಎಂದಳು. "ಅಮ್ಮ ಹೋದ ಮೇಲೆ ನಿನ್ನನ್ನು ನೋಡಿಕೊಳ್ಳಲಿಕ್ಕೆ ನನ್ನನ್ನು ಶಾಲೆ ಬಿಡಿಸಿದರಲ್ಲ, ನಾನು ಅಳುದು ನಿಲ್ಲಿಸಲಿಲ್ಲ. ದೊಡ್ಡಪ್ಪ ಸುಳ್ಯ ಪೇಟೆಯಿಂದ ಆ ಪೆಟ್ಟಿಗೆ ತಂದುಕೊಟ್ಟರು. ನಿನ್ನ ತಲೆ ಬಾಚುವ ಬಾಚಣಿಗೆ ಅದರಲ್ಲಿ ಇಡ್ತಿದ್ದೆ, ಹೊರಗೆ ಇಟ್ಟರೆ ನೀನು ಕಚ್ಚಿ ಹಲ್ಲು ಮುರೀತಿದ್ದಿ. ಮತ್ತೆ ಅದು ಹೀಗೆ ಗೇರುಬೀಜದ ಹಾಗೆ ಎಂತದೂ ಇರಲಿಲ್ಲ. ಚೌಕ. ಮೂಲೆ ಮೂಲೆಗೆ ತಗಡು. ಅದಕ್ಕೆ ತಾಗಿಯೇ ನಿನ್ನ ಹುಬ್ಬು ಹರಿದದ್ದು."

ಕೈ ತಾನಾಗಿ ನನ್ನ ಎಡಹುಬ್ಬಿಗೆ ಹೋಯಿತು. ಅಲ್ಲಿ ಒಂದು ಗಾಯದ ಗುರುತು ಉಂಟು; ಬಾವಿಕಟ್ಟೆಯಲ್ಲಿ ಬಿದ್ದದ್ದು ಎಂದು ನಾನು ಎಲ್ಲರಿಗೂ ಹೇಳಿಕೊಂಡು ಬಂದದ್ದು. ಜನ್ಮವಿಡೀ ಎರಡನೆಯ ಸಾಕ್ಷಿ ಎಲ್ಲಿ ಎಂದು ಊರೆಲ್ಲ ಕೇಳಿದವನು ಅದನ್ನು ಮುಖದ ಮೇಲೆ ಹೊತ್ತು ತಿರುಗುತ್ತಿದ್ದೆ, ದಿನಾ ಗಡ್ಡ ಹೆರೆಯುವಾಗ ನೋಡಿಯೂ ಗುರುತಿಸಿರಲಿಲ್ಲ.

"ಹಾಗಾದರೆ ಅಮ್ಮ?" ಎಂದೆ. ಸ್ವರ ಕುಂಞಿಯದ್ದೇ ಆಗಿತ್ತು.

"ನನಗೂ ಈಗ ಮುಖ ಸರಿ ಬರುದಿಲ್ಲ. ಸ್ವರ ಉಂಟು. ಬೈಯುವ ಸ್ವರ ಒಂದು" ಎಂದಳು ಅಕ್ಕ.

ನನಗೆ ಹೊಟ್ಟೆಕಿಚ್ಚಾಯಿತು. ಅವಳಿಗೆ ಒಂದು ಬೈಗುಳವಾದರೂ ಇದೆ. "ಹೇಗೆ ಬೈತಿದ್ದಳು? ಒಂದು ಸಲ ಬೈ" ಎಂದೆ. ಅಕ್ಕ ನಾಚಿದಳು, ಆಚೀಚೆ ನೋಡಿದಳು, ಗಂಟಲು ಸರಿಮಾಡಿದಳು. ಆಮೇಲೆ ಎದ್ದು ನಿಂತು, ಸೊಂಟಕ್ಕೆ ಕೈ ಕೊಟ್ಟು, ನೀರು ತರಲು ಹೋಗಿ ದಾರಿಯಲ್ಲಿ ಆಟಕ್ಕೆ ನಿಂತ ಹುಡುಗಿಯನ್ನು ಏರು ಸ್ವರದಲ್ಲಿ, ಎಳೆದು ಎಳೆದು, ಕೊನೆಯಲ್ಲಿ ನಗು ತಡೆಯಲಾಗದೆ ತುಂಡಾಗುವ ಹಾಗೆ ಬೈದಳು. ಅಕ್ಕನ ಮಾತಿನ ಧಾಟಿ ಅದಲ್ಲ. ಒಳಗಿನಿಂದ ಭಾವ ಅಂಟಿನ ಡಬ್ಬಿ ಹಿಡಿದು ಗಾಬರಿಯಲ್ಲಿ ಓಡಿ ಬಂದು, "ನಾನು ಎಂತ ಮಾಡಿದ್ದೇನೆ ಈಗ?" ಎಂದರು. ನಾವಿಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ನೀರು ನಗುವಿನದ್ದೇ ಎಂದು ಇಬ್ಬರೂ ಹೇಳಿದೆವು. ಸಾಕ್ಷಿಗಳು ಸಂಬಂಧಿಕರಾದ್ದರಿಂದ ಅಷ್ಟು ಲೆಕ್ಕಕ್ಕಿಲ್ಲ.

ಬಸ್ಸಿನಲ್ಲಿ ವಾಪಸು ಬರುವಾಗ ಚಿತ್ರವನ್ನು ಮತ್ತೆ ತೆಗೆದು ನೋಡಿದೆ. ಅಮ್ಮ ಎದ್ದು ಹೋಗಿದ್ದಳು. ಜಗಲಿಯಲ್ಲಿ ಹನ್ನೊಂದು ವರ್ಷದ ಒಬ್ಬಳು ಹುಡುಗಿ ಕೂತಿದ್ದಳು, ಶಾಲೆ ಬಿಟ್ಟವಳು, ಅತ್ತು ಮುಗಿಸಿ ನನ್ನ ಕಡೆ ನೋಡಿ ನಗುತ್ತಿದ್ದಳು. ನಾನು ಇಷ್ಟು ಕಾಲ ಯಾರಿಗಾಗಿ ಹಂಬಲಿಸಿದ್ದೆನೋ ಅವಳು ಪಂಜದಲ್ಲಿ ಇದ್ದಾಳೆ, ಫೋನು ಮಾಡಿದರೆ ಎತ್ತುತ್ತಾಳೆ, ವರ್ಷಕ್ಕೆ ಎರಡು ಸಲ ನಾನು ಅವಳ ಹತ್ತಿರ ರಬ್ಬರಿನ ರೇಟು ಕೇಳಿ ಬರುತ್ತೇನೆ.

ಮಳೆಗಾಲ ಹಿಡಿದ ಮೇಲೆ ಒಂದು ದಿನ ಅಕ್ಕನ ಫೋನು ಬಂತು. "ನಿನ್ನ ಪೆಟ್ಟಿಗೆ ತಂಡಿಗೆ ಉಬ್ಬಿದೆ ಅಂತ ಕಾಣ್ತದೆ. ಡ್ರಾಯರ್ ಬರುದಿಲ್ಲ. ಪುರುಸೊತ್ತಾದರೆ ಬಂದು ನೋಡು, ಆಗದಿದ್ದರೆ ಬೇಡ." ಅದೇ ಭಾನುವಾರ ಮರಳುಕಾಗದ ಹಿಡಿದು ಹೊರಟೆ. ಈ ಸಲ ಬಸ್ಸು ಹತ್ತುವಾಗ ಕೇಳಿದೆ. ಹೋಗಿ ನೋಡಿದರೆ ಡ್ರಾಯರಿನ ಮುಖದ ನಡುಮಧ್ಯಕ್ಕೆ ಭಾವ ಒಂದು ಮೊಳೆ ಹೊಡೆದು ಹಿಡಿ ಮಾಡಿದ್ದಾರೆ. ನಾನು ಡ್ರಾಯರ್ ಎಳೆದೆ. ಅದು ಒಂದು ಹಟವೂ ಮಾಡದೆ ಸಲೀಸಾಗಿ ಬಂತು. "ಬೆಳಿಗ್ಗೆಯೂ ಹಾಗೆಯೇ ಬಂತಲ್ಲ ಅದು?" ಎಂದು ಭಾವ ಅಕ್ಕನನ್ನು ಕೇಳಿದರು. ಅಕ್ಕ ಅವರನ್ನು ಒಂದು ನೋಟ ನೋಡಿದಳು, ಅವರು ಟಾರ್ಚು ಹುಡುಕುತ್ತ ಒಳಗೆ ಹೋದರು, ಹಾಡಹಗಲು.

ನಾನು ಹಾಗೆ ಸುಮ್ಮನೆ ಬಿಡುವವನಲ್ಲ. ಡ್ರಾಯರನ್ನು ಕಣ್ಣಿನ ಹತ್ತಿರ ಹಿಡಿದು, ತಿರುಗಿಸಿ, ತಟ್ಟಿ, "ಹೌದು, ಉಬ್ಬಿದೆ. ಇದು ಒಂದು ಸಲಕ್ಕೆ ಸರಿಯಾಗುವ ಕೆಲಸ ಅಲ್ಲ" ಎಂದೆ. "ನನಗೂ ಹಾಗೆಯೇ ಕಂಡಿತು" ಎಂದಳು ಅಕ್ಕ, ಬಹಳ ಗಂಭೀರವಾಗಿ. ಆಮೇಲೆ ಅವಳು ಎದುರು ಕೂತು ಮಾತಾಡುತ್ತಿರಲು, ನಾನು ಎಲ್ಲಿಗೂ ತಾಗದ ಒಂದು ಬದಿಯನ್ನು ಹುಡುಕಿ, ಸಂಜೆಯ ಬಸ್ಸಿನವರೆಗೆ ಮೆಲ್ಲ ಮೆಲ್ಲ ತಿಕ್ಕುತ್ತ ಕೂತೆ.